ಅಮ್ಮನ ಮನೆಪಾಠ, ಮಗನ ಅಯಸ್ಕಾಂತ



ಪ್ರೊ. ಸಿ.ಎನ್.ಆರ್. ರಾವ್ ಅವರಿಗೆ 2014ರಲ್ಲಿ ಭಾರತರತ್ನ ಸಂದದ್ದು ನಮಗೆಲ್ಲ ಗೊತ್ತು. ಆದರೆ ಅವರು ಮಾಡಿದ ಕೆಲಸವೇನು ಎಂದರೆ ಹಲವರು ಸುಮ್ಮನಾಗುತ್ತೇವೆ. ಅದನ್ನೇ ಇಂದು ಸರಳವಾಗಿ ಹೇಳುತ್ತೇನೆ.

1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾವ್ ಪ್ರಾಥಮಿಕ ಶಾಲೆಗೆ ಹೋದವರಲ್ಲ. ತಾಯಿ ನಾಗಮ್ಮನವರೇ ಮನೆಯಲ್ಲಿ ಲೆಕ್ಕ ಕಲಿಸಿದರು. ಮುಂದೆ ಮೈಸೂರು, ಕಾಶಿ, ಅಮೆರಿಕದಲ್ಲಿ ಓದಿ, 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು.

ಅವರು ಕೈಗೆತ್ತಿಕೊಂಡದ್ದು ಲೋಹದ ಆಕ್ಸೈಡುಗಳನ್ನು. ಕಬ್ಬಿಣದ ತುಕ್ಕೂ ಅದೇ ಬಳಗದ್ದು. ಲ್ಯಾಂಥನಮ್, ಮ್ಯಾಂಗನೀಸ್, ಆಮ್ಲಜನಕ ಸೇರಿದ ಒಂದು ಆಕ್ಸೈಡಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದು. ಲ್ಯಾಂಥನಮ್‌ನ ಮೂರನೇ ಒಂದು ಪಾಲಿನ ಬದಲು ಕ್ಯಾಲ್ಸಿಯಮ್ ಸೇರಿಸಿ ನೋಡಿ: ಚೆನ್ನಾಗಿ ತಣಿಸಿದಾಗ ಅದು ಅಯಸ್ಕಾಂತವಾಗುತ್ತದೆ, ವಿದ್ಯುತ್ತೂ ಹರಿಯುತ್ತದೆ. ಕೆಲವು ಮ್ಯಾಂಗನೀಸ್ ಪರಮಾಣುಗಳಲ್ಲಿ ಒಂದು ಎಲೆಕ್ಟ್ರಾನ್ ಕಡಿಮೆಯಾಗಿ, ಆ ಖಾಲಿ ಜಾಗಕ್ಕೆ ಪಕ್ಕದ್ದು ಜಿಗಿಯುವುದೇ ಇದಕ್ಕೆ ಕಾರಣ. 1990ರ ದಶಕದಲ್ಲಿ ಜಗತ್ತಿನ ವಿಜ್ಞಾನಿಗಳು ಈ ಮ್ಯಾಂಗನೈಟುಗಳ ಬೆನ್ನು ಹತ್ತಿದಾಗ, ರಾವ್ ಅವರ ಬಳಿ ಆಕ್ಸೈಡುಗಳ ಹಲವು ದಶಕಗಳ ಅನುಭವವಿತ್ತು.

ಇಂಥ ಅನುಭವ ಬರಲು ವರ್ಷಗಳೇ ಬೇಕು. ನಮ್ಮ ಸಾಂತಾಕ್ರೂಜ್‌ನ ಕಲೀನಾದಲ್ಲೇ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗವಿದೆ. ಅಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ. ಮಾಡುತ್ತೇನೆಂದ ಹುಡುಗಿಗೆ, "ಇನ್ನೂ ಐದು ವರ್ಷವೇ? ಮದುವೆ ಯಾವಾಗ?" ಎಂದು ಕೇಳಿದ್ದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ನಾಗಮ್ಮನವರು ಮಗನ ಕಲಿಕೆಗೆ ಕೊಟ್ಟ ಸಮಯವನ್ನು ನಾವು ಮಗಳಿಗೂ ಕೊಡೋಣ.