ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವರ ಊಟ



ನಾನು ದನದ ಡಾಕ್ಟರು. ಆದರೂ ಇಂದು ಮನುಷ್ಯರ ಊಟದ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ತೂಕ ಇಳಿಸಲು ಮಾಡುವ ‘ಸ್ಲೀವ್’ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯುತ್ತಾರೆ. ಜಠರ ಚಿಕ್ಕದಾಯಿತು, ಇನ್ನು ತೂಕ ಏರದು ಎಂದು ನಂಬಿ ಕೂರಬಾರದು. ಹಳೆಯ ಅಭ್ಯಾಸ ಮರಳಿದರೆ ತೂಕವೂ ಮರಳುತ್ತದೆ.

ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ನಾವು ಮುದ್ದೆಯನ್ನು ಅಗಿಯದೆ ನುಂಗುವವರು. ಶಸ್ತ್ರಚಿಕಿತ್ಸೆ ಆದವರು ಹಾಗೆ ನುಂಗಬಾರದು. ಸಣ್ಣ ತುತ್ತು ತೆಗೆದುಕೊಂಡು, ಚೆನ್ನಾಗಿ ಅಗಿದು, ಸಾಕೆನಿಸಿದ ಕೂಡಲೇ ಕೈ ತೊಳೆಯಬೇಕು. ಮನೆಯವರು ಒತ್ತಾಯ ಮಾಡಿ ಬಡಿಸಬಾರದು.

ಮೊದಲು ಮೊಟ್ಟೆ, ಕಾಳು, ಮೊಸರು. ಅನ್ನ, ಮುದ್ದೆ ಆಮೇಲೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು. ಒಂದು ಲೀಟರ್ ಹಸುವಿನ ಹಾಲಿನಲ್ಲಿರುವುದು ಸುಮಾರು 32 ಗ್ರಾಂ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಸಕ್ಕರೆ ಹಾಕಿದ ಕಾಫಿ, ಟೀ, ಷರಬತ್ತು ಹೊಟ್ಟೆ ತುಂಬಿಸದೆ ತೂಕ ಏರಿಸುತ್ತವೆ. ಪೇಡವೂ ಅಷ್ಟೇ, ನಮ್ಮ ಡೇರಿಯದಾದರೂ ಸರಿ!

ಆರೋಗ್ಯ ಸುಧಾರಿಸಿತೆಂದು ವೈದ್ಯರು ಕೊಟ್ಟ ವಿಟಮಿನ್, ಕಬ್ಬಿಣಾಂಶದ ಮಾತ್ರೆ ನಿಲ್ಲಿಸಬೇಡಿ. ಸಂಘದ ಪಾಸ್‌ಬುಕ್ಕಿನಲ್ಲಿ ಹಾಲಿನ ಲೆಕ್ಕ ಬರೆಸುವಂತೆ ವಾರಕ್ಕೊಮ್ಮೆ ತೂಕ ಬರೆದಿಡಿ. ಏರತೊಡಗಿದರೆ ತಡಮಾಡದೆ ವೈದ್ಯರನ್ನು ಕಾಣಿರಿ.