ಮಧುಮೇಹಿಯ ಮನೆಯ ಉಗ್ರಾಣ



ಮನೆಯ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆಯೆಂದು ವೈದ್ಯರು ಹೇಳಿದ ದಿನ, 'ಇನ್ನು ಇವರು ಏನನ್ನು ತಿನ್ನಬಾರದು?' ಎಂಬ ಪ್ರಶ್ನೆ ಮೊದಲು ಏಳುತ್ತದೆ. ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ ಇನ್ನೊಂದಿದೆ: 'ಮನೆಯಲ್ಲಿ ಏನನ್ನು ತುಂಬಿಡಬೇಕು?' ಹಸಿದವರು ಕೈಗೆ ಸಿಕ್ಕಿದ್ದನ್ನು ಉಣ್ಣುತ್ತಾರೆ. ಆದ್ದರಿಂದ ಪಥ್ಯವು ಒಲೆ ಹೊತ್ತಿಸುವ ಮೊದಲೇ, ಸಂತೆಯ ಚೀಲದಲ್ಲಿಯೇ ಆರಂಭವಾಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ಎರೆಭೂಮಿಯಲ್ಲಿ ಜೋಳ, ಕೆಂಪು ಮಣ್ಣಿನಲ್ಲಿ ಸಜ್ಜೆ, ನವಣೆ, ರಾಗಿ, ಶೇಂಗಾ, ಸಾಲುಗಳ ನಡುವೆ ತೊಗರಿ, ಹೆಸರು, ಅಲಸಂದೆ. ಹಿಂದಿನವರ ಹಗೇವಿನಲ್ಲಿ ಜೋಳವಿತ್ತು, ಅಡಕಲ ಗಡಿಗೆಗಳಲ್ಲಿ ಕಾಳುಗಳಿದ್ದವು. ಅನ್ನವು ಹಬ್ಬದ ಊಟವಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ಮೇಲೆ ಕಾಲುವೆಯ ಕೆಳಗಿನ ನಾಡುಗಳಲ್ಲಿ ಭತ್ತ ಹರಡಿತು. 2013ರಲ್ಲಿ ಅನ್ನಭಾಗ್ಯ ಬಂದಿತು. ಅಕ್ಕಿ ದಿನನಿತ್ಯದ ಆಹಾರವಾಯಿತು. ಹಸಿವನ್ನು ನೀಗಿದ ಧಾನ್ಯವನ್ನು ಹಳಿಯುವುದು ಸಲ್ಲದು. ಆದರೆ ಮೂರು ಹೊತ್ತೂ ಅನ್ನ, ಪಕ್ಕದಲ್ಲಿ ತಿಳಿಸಾರು, ಕಾಳಿಗೆ ಎಡೆಯೇ ಇಲ್ಲ ಎಂಬ ಸ್ಥಿತಿ ಮಧುಮೇಹಿಗೆ ಹಿತವಲ್ಲ.

ಹಾಗೆಂದು ಜೋಳವೇ ಔಷಧವೆಂದು ತಿಳಿಯಬಾರದು. 'ರೊಟ್ಟಿಯಲ್ಲವೇ, ಎಷ್ಟಾದರೂ ಸರಿ' ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಬಹುಕಾಲದಿಂದ ಬಳಕೆಯಲ್ಲಿರುವ ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ಅಷ್ಟೇ ಜೋಳದಲ್ಲಿ ಸುಮಾರು 72 ಗ್ರಾಂ ಇದೆ. ನವಣೆಯಲ್ಲಿ 61. ಜೋಳದ ಹಿರಿಮೆ ಅದರ ನಾರಿನಲ್ಲಿ, ನಿಧಾನವಾಗಿ ಅರಗುವ ಗುಣದಲ್ಲಿ ಇದೆ. ಆ ಗುಣವೂ ಹಿಟ್ಟನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು, ಗಂಜಿ ಮಾಡಿ ಕುಡಿದರೆ ಬಹಳಷ್ಟು ಕುಂದುತ್ತದೆ. ಆದ್ದರಿಂದ ಇಡಿಯ ಜೋಳವನ್ನೇ ತಂದು, ವಾರಕ್ಕೆ ಬೇಕಾದಷ್ಟನ್ನು ಗಿರಣಿಯಲ್ಲಿ ಬೀಸಿಸಿ, ತೌಡನ್ನು ತೆಗೆಯದೆ ಬಳಸುವುದು ಮೇಲು. ರೊಟ್ಟಿಗಳಿಗೆ ಲೆಕ್ಕವಿರಲಿ.

ನಮ್ಮ ಉಗ್ರಾಣದಲ್ಲಿ ಸೊರಗಿರುವುದು ಕಾಳಿನ ಡಬ್ಬಿ. ಹುರುಳಿಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಸಸಾರಜನಕವಿದೆ. ಜೋಳದಲ್ಲಿರುವುದು ಅದರ ಅರ್ಧಕ್ಕಿಂತ ಕಡಿಮೆ. ಹುರುಳಿ, ಹೆಸರು, ಮಡಿಕೆ, ಅಲಸಂದೆ, ಕಡಲೆ—ಇವನ್ನು ಚೆನ್ನಾಗಿ ಒಣಗಿಸಿ, ಬೇವಿನೆಲೆಯೊಡನೆ ತುಂಬಿಟ್ಟರೆ ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳ ಸ್ಥಾನದಲ್ಲಿ ಒಂದು ಬಟ್ಟಲು ಉಸುಳಿ ಬರುತ್ತದೆ. ಮಂಡಕ್ಕಿ ಕೈಗೆ ಹಗುರ. ಆದರೆ ಅದೂ ಅಕ್ಕಿಯೇ, ಬೇಗನೆ ರಕ್ತದಲ್ಲಿ ಸಕ್ಕರೆಯಾಗುವ ಅಕ್ಕಿ.

ಗುರೆಳ್ಳು, ಅಗಸೆ, ಶೇಂಗಾಗಳ ಪುಡಿಗಳು ನಮ್ಮ ಊಟದ ಸೊಗಸು. ಇವು ಬೇಗ ಮುಗ್ಗುವುದರಿಂದ ಸ್ವಲ್ಪ ಸ್ವಲ್ಪವೇ ಮಾಡಿಡಬೇಕು, ಉಪ್ಪು ಮಿತವಾಗಿರಬೇಕು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು ಮೀರದಿರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಈ ಲೆಕ್ಕಕ್ಕೇ ಸೇರಿದ್ದು. ಎಣ್ಣೆಯನ್ನು ತಿಂಗಳಿಗೆ ಅಳೆದು ತರಬೇಕು. ಮೆಂತ್ಯವಿರಲಿ, ಆದರೆ ಅದನ್ನು ನಂಬಿ ಮಾತ್ರೆ ಬಿಡಬಾರದು. ಬೆಲ್ಲವು ಸಕ್ಕರೆಗಿಂತ ನಿರಪಾಯವೆಂಬ ನಂಬಿಕೆಯನ್ನು ಮಾತ್ರ ಉಗ್ರಾಣದಿಂದ ಹೊರಗೆ ಹಾಕಬೇಕು. 'ಸಕ್ಕರೆರಹಿತ' ಎಂದು ಅಚ್ಚಾದ ಬಿಸ್ಕತ್ತಿನಲ್ಲಿಯೂ ಮೈದಾ ಇರುತ್ತದೆ ಎಂಬುದನ್ನು ಮರೆಯಬಾರದು. ಮೂತ್ರಪಿಂಡದ ತೊಂದರೆಯುಳ್ಳವರು ಕಾಳುಗಳ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು.

ಇಷ್ಟಾದರೂ ಮಧುಮೇಹಿಯ ಮನೆಯಲ್ಲಿ ಸಕ್ಕರೆಯ ಪುಟ್ಟ ಡಬ್ಬಿಯೊಂದು ಇರಲೇಬೇಕು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ, ಬಿಸಿಲಿನಲ್ಲಿ ಹೆಚ್ಚು ದುಡಿದರೆ, ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಮಂಕು ಕವಿಯಬಹುದು. ಆಗ ಮೂರು ಚಹಾ ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಆ ಡಬ್ಬಿ ಎಲ್ಲಿದೆಯೆಂಬುದು ಮನೆಯ ಮಕ್ಕಳಿಗೂ ಗೊತ್ತಿರಬೇಕು.

ಕೊನೆಯದಾಗಿ ಒಂದು ಮಾತು. ರೋಗಿಗೆಂದು ಬೇರೆ ಡಬ್ಬಿ, ಬೇರೆ ಪಾತ್ರೆ, ಬೇರೆ ಅಡುಗೆ ಮಾಡುವ ಏರ್ಪಾಡು ಬಹುಕಾಲ ನಿಲ್ಲುವುದಿಲ್ಲ. ಯಜಮಾನನಿಗೆ ಕಾಯಿಲೆಯಾದರೆ ಆ ಬೇರೆ ಅಡುಗೆ ಹೇಗೋ ನಡೆಯುತ್ತದೆ. ಮನೆಯಾಕೆಗೇ ಕಾಯಿಲೆಯಾದರೆ, ಆಕೆ ಎಲ್ಲರಿಗೂ ಬಡಿಸಿ, ಕಡೆಯಲ್ಲಿ ಉಳಿದ ಅನ್ನವನ್ನೇ ಉಂಡು ಏಳುತ್ತಾಳೆ. ತನ್ನೊಬ್ಬಳಿಗಾಗಿ ಇನ್ನೊಮ್ಮೆ ಒಲೆ ಹೊತ್ತಿಸಲು ಅವಳ ಮನಸ್ಸು ಒಪ್ಪುವುದಿಲ್ಲ. ಉಗ್ರಾಣವೇ ಬದಲಾದರೆ ಈ ಸಂಕಟವಿಲ್ಲ: ರೊಟ್ಟಿ, ಕಾಳುಪಲ್ಯ, ಪುಂಡಿಸೊಪ್ಪು, ಮಜ್ಜಿಗೆ, ಒಂದು ಹಿಡಿ ಅನ್ನ ಎಲ್ಲರ ತಟ್ಟೆಗೂ ಬರುತ್ತವೆ. ರೋಗವಿಲ್ಲದವರಿಗೂ ಅದು ಒಳ್ಳೆಯ ಊಟವೇ. ಮುಂದಿನ ಸಂತೆಗೆ ಹೊರಡುವಾಗ ಚೀಲದಲ್ಲಿ ಎರಡು ಸೇರು ಕಾಳಿಗೆ ಮೊದಲು ಜಾಗ ಮಾಡಿಕೊಳ್ಳಿ.