ಅಘನಾಶಿನಿ ಹೊಳೆಯ ಹರಿವು ಮತ್ತು ನಮ್ಮ ಗಜನಿ ಗದ್ದೆ

(ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತಿನ ಬರಹ ರೂಪ)



ಇಪ್ಪತ್ತೈದು ವರ್ಷದಿಂದ ಸಂಘ ನಮಗೆ ಬೆಳೆಸಾಲ ಕೊಟ್ಟಿದೆ, ಗೊಬ್ಬರ ಕೊಟ್ಟಿದೆ. ಆದರೆ ಗದ್ದೆಯ ಮಣ್ಣನ್ನೇ ಕೊಟ್ಟದ್ದು ಹೊಳೆ. ಆದ್ದರಿಂದ ಇವತ್ತು ಹೊಳೆಯ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇವೆ.

ಶಿರಸಿ ಸೀಮೆಯಲ್ಲಿ ಬೀಳುವ ಮಳೆ ಎರಡು ಸಮುದ್ರಕ್ಕೆ ಹಂಚಿ ಹೋಗುತ್ತದೆ. ಬನವಾಸಿ ಕಡೆ ಇಳಿದದ್ದು ವರದೆಗೆ ಸೇರಿ, ತುಂಗಭದ್ರೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ. ಪಡುವಲಿಗೆ ಇಳಿದದ್ದರಲ್ಲಿ ಒಂದು ಪಾಲು ನಮ್ಮ ಅಘನಾಶಿನಿಗೆ. ಶಂಕರ ಹೊಂಡದಲ್ಲಿ ಒಂದು ಕವಲು, ಮಂಜುಗುಣಿ ಕಡೆ ಇನ್ನೊಂದು ಕವಲು ಹುಟ್ಟಿ ಮುಂದೆ ಕೂಡುತ್ತವೆ. ಹೊಳೆಯ ಉದ್ದ ಸುಮಾರು 120 ಕಿ.ಮೀ., ಅದಕ್ಕೆ ನೀರುಣಿಸುವ ಸೀಮೆ ಸುಮಾರು 1,450 ಚದರ ಕಿ.ಮೀ. ನಕ್ಷೆಯಲ್ಲಿ ನೋಡಿದರೆ ಥೇಟು ಮರದ ಹಾಗೆ: ಹಳ್ಳಗಳು ರೆಂಬೆ, ಉಪಹೊಳೆಗಳು ಟೊಂಗೆ, ಅಘನಾಶಿನಿ ಕಾಂಡ. ಯಾವ ರೆಂಬೆಗೆ ಪೆಟ್ಟು ಬಿದ್ದರೂ ಕಾಂಡಕ್ಕೆ ತಿಳಿಯದೆ ಇರದು.

ಸಿದ್ದಾಪುರದ ಉಂಚಳ್ಳಿಯಲ್ಲಿ ಹೊಳೆ 116 ಮೀಟರ್ ಧುಮುಕುತ್ತದೆ. ಆ ಸದ್ದಿಗೇ ಅದಕ್ಕೆ ಕೆಪ್ಪಜೋಗ ಎಂಬ ಹೆಸರು. ಘಟ್ಟದಲ್ಲಿ ಕಲ್ಲು ಕೊರೆಯುವ ನೀರು ಕೆಳಗೆ ಬಂದಂತೆ ಇಳಿಜಾರು ಕಡಿಮೆಯಾಗಿ ಸಾವಕಾಶ ಆಗುತ್ತದೆ. ವೇಗ ಕುಂದಿದಲ್ಲಿ ಮೊದಲು ಕಲ್ಲು, ಆಮೇಲೆ ಮರಳು, ಕಡೆಗೆ ನುಣ್ಣನೆ ಗೋಡು ಕೂರುತ್ತದೆ. ಆ ಗೋಡೇ ನಮ್ಮ ಗಜನಿ.

ಮಿರ್ಜಾನಿನ ಕೆಳಗೆ ಹೊಳೆ ಅಗಲವಾಗಿ ಹಿನ್ನೀರಾಗುತ್ತದೆ. ಇಲ್ಲಿ ಯಜಮಾನರು ಇಬ್ಬರು: ಮೇಲಿನ ಮಳೆ, ಕೆಳಗಿನ ಭರತಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಬತ್ತ ಬೆಳೆಯುತ್ತೇವೆ. ಕೊಯ್ಲಾದ ಮೇಲೆ ಉಪ್ಪುನೀರು ಬಂದು ಮೀನು, ಸಿಗಡಿ ತರುತ್ತದೆ. ಆದರೆ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಿಯ ದಿನವೇ ಘಟ್ಟದಲ್ಲಿ ಜಡಿಮಳೆ ಹಿಡಿದರೆ, ಇಳಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಗದ್ದೆಗೆ, ಮನೆಯಂಗಳಕ್ಕೆ ಹತ್ತುತ್ತದೆ. ಗಜನಿ ಕಟ್ಟೆ ಒಂದು ಕಡೆ ಒಡೆದರೂ ಸಾಕು, ಉಪ್ಪು ಒಬ್ಬನ ಗದ್ದೆಗೆ ಮಾತ್ರ ನುಗ್ಗುವುದಿಲ್ಲ, ಇಡೀ ಬಯಲಿಗೇ ನುಗ್ಗುತ್ತದೆ.

ಈ ಹೊಳೆಗೆ ದೊಡ್ಡ ಅಣೆಕಟ್ಟು ಬಿದ್ದಿಲ್ಲ. ಹಾಗಾಗಿ ಘಟ್ಟದ ಗೋಡು ಇನ್ನೂ ಇಲ್ಲಿವರೆಗೆ ಬರುತ್ತಿದೆ, ಬಳಚು ಸಿಗುತ್ತಿದೆ. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್‌ಸರ್ ಪಟ್ಟಿಗೆ ಸೇರಿ ಜಗತ್ತಿನ ಮಾನ್ಯತೆ ಪಡೆಯಿತು. ಅದೇ ವರ್ಷ ಜುಲೈ 16ರಂದು ಪಕ್ಕದ ಗಂಗಾವಳಿ ದಂಡೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ನಮ್ಮ ಸೀಮೆಯ ಗುಡ್ಡ, ಮಳೆ, ಹೊಳೆ ಒಂದಕ್ಕೊಂದು ಎಷ್ಟು ಹತ್ತಿರ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸದಸ್ಯರಲ್ಲಿ ನಮ್ಮ ವಿನಂತಿ ಮೂರು. ಮಳೆ ಹಿಡಿಯುವ ಮೊದಲು ಕಟ್ಟೆ, ನೀರಿನ ಬಾಗಿಲು ಎಲ್ಲರೂ ಕೂಡಿ ನೋಡಿಕೊಳ್ಳೋಣ. ಗದ್ದೆ ಹೆಚ್ಚಿಸಲೆಂದು, ಮನೆ ಕಟ್ಟಲೆಂದು ಹಳ್ಳದ ಬಾಯಿಗೆ ಮಣ್ಣು ತುಂಬುವುದು ಬೇಡ. ಕಟ್ಟೆಯ ಹೊರಗಿನ ಕಾಂಡ್ಲಾ ಗಿಡ ಕಡಿಯುವುದು ಬೇಡ, ಅಲೆಯ ಪೆಟ್ಟು ತಿನ್ನುವುದು ಅದೇ.

ಒಬ್ಬೊಬ್ಬರೇ ಕಟ್ಟೆ ಕಾಯಲು ಆಗುವುದಿಲ್ಲ. ಸಹಕಾರ ಅಂದರೆ ಬರೀ ಷೇರು, ಸಾಲ, ವಸೂಲಿ ಅಲ್ಲ. ಮೇಲಿನವನ ನೀರು ಕೆಳಗಿನವನಿಗೆ ಕೇಡಾಗದ ಹಾಗೆ ನೋಡಿಕೊಳ್ಳುವುದೂ ಸಹಕಾರವೇ.